ಆಯಿಲ್ ಫರ್ನೇಸ್ ಪಕ್ಕದಲ್ಲಿ ಸೌದೆ ಫರ್ನೇಸ್: ಮೇನ್‌ನಲ್ಲಿ ನನ್ನ ಅನುಭವ

ಅಮೆರಿಕದ ಮೇನ್ ರಾಜ್ಯದಲ್ಲಿ ನಾವು ಮನೆ ತಗೊಂಡಾಗ ಬೇಸ್‌ಮೆಂಟಲ್ಲಿ ಇದ್ದಿದ್ದು ಒಂದು ಆಯಿಲ್ ಫರ್ನೇಸು, ಅಂದ್ರೆ ಡೀಸೆಲ್ ತರದ ಎಣ್ಣೆ ಉರಿಸಿ ಇಡೀ ಮನೆಗೆ ಬಿಸಿಗಾಳಿ ಕಳಿಸೋ ದೊಡ್ಡ ಒಲೆ, ಪಕ್ಕದಲ್ಲಿ 275 ಗ್ಯಾಲನ್ (ಸುಮಾರು 1040 ಲೀಟರ್) ಟ್ಯಾಂಕು. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳು ಆಯಿಲ್‌ನಲ್ಲೇ ಬೆಚ್ಚಗಿರೋದು. 2022ರಲ್ಲಿ ರೇಟು ಗ್ಯಾಲನ್‌ಗೆ 5 ಡಾಲರ್ ದಾಟ್ತಲ್ಲ, ಆವಾಗ ನಾನೂ ನನ್ನ ಹೆಂಡ್ತಿನೂ ಕೂತು ಲೆಕ್ಕ ಹಾಕಿದ್ವಿ. ಇಲ್ಲಿ ಸೌದೆ ಮಾರೋದು ಕಾರ್ಡ್ ಲೆಕ್ಕದಲ್ಲಿ, ಅಂದ್ರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಂದು ರಾಶಿ. ಚೆನ್ನಾಗಿ ಒಣಗಿದ ಮೇಪಲ್ ಮರದ ಸೌದೆ ಒಂದು ಕಾರ್ಡ್ ಇದ್ರೆ ಸುಮಾರು 120 ಗ್ಯಾಲನ್ ಆಯಿಲ್ ಉಳಿಯುತ್ತೆ. ಸರಿ, ಆಯಿಲ್ ಪಕ್ಕದಲ್ಲೇ ಒಂದು ಸೌದೆ ಫರ್ನೇಸೂ ಹಾಕ್ಸೇ ಬಿಡೋಣ ಅಂತಾಯ್ತು.

ಇರೋ ಚಿಮಣಿಗೇ ಎರಡನ್ನೂ ಸೇರಿಸಬಹುದು ಅಂತ ನಾನಂದುಕೊಂಡಿದ್ದೆ, ಫಿಟ್ ಮಾಡೋಕೆ ಬಂದವರು ಸುತಾರಾಂ ಒಪ್ಪಲಿಲ್ಲ. ಸೌದೆ ಹೊಗೆಯಿಂದ ಕೊಳವೆ ಒಳಗೆ ಟಾರಿನ ತರ ಕ್ರಿಯೊಸೋಟ್ ಕಟ್ಕೊಳುತ್ತೆ, ಅದು ದಾರಿ ಮುಚ್ಚಿದ್ರೆ ಆಯಿಲ್ ಹೊಗೆ, ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲದ ಸಮೇತ, ವಾಪಸ್ ಮನೆಗೇ ಬರುತ್ತೆ. ಅದಕ್ಕೇ ಬೇರೆ ಸ್ಟೀಲ್ ಚಿಮಣಿ ಹಾಕ್ಸಿದ್ವಿ. ಖರ್ಚು ಜಾಸ್ತಿನೇ ಆಯ್ತು, ಆದ್ರೆ ಈ ವಿಷಯದಲ್ಲಿ ಚೌಕಾಸಿ ಮಾಡ್ಬೇಡಿ. ಬಿಸಿಗಾಳಿ ಹೋಗೋ ಡಕ್ಟ್ ಎರಡಕ್ಕೂ ಒಂದೇ, ನಡುವೆ ಗಾಳಿ ಹಿಂದಕ್ಕೆ ನುಗ್ಗದ ಹಾಗೆ ಮುಚ್ಚೋ ಒಂದು ಡ್ಯಾಂಪರ್ ಇದೆ, ಅದಿಲ್ದಿದ್ರೆ ಸೌದೆ ಕಾವು ಸುಮ್ನಿರೋ ಆಯಿಲ್ ಫರ್ನೇಸ್ ಒಳಗೆ ನುಗ್ಗಿಬಿಡುತ್ತೆ.

ನಿಜವಾದ ಪೆಟ್ಟು ಬಿದ್ದಿದ್ದು ಸೌದೆಯಲ್ಲಿ. ಒಣಗಿದ್ದು ಅಂತ ಹೇಳಿ ಕೊಟ್ಟಿದ್ರು, ನಾನೂ ನಂಬಿ ಒಟ್ಟಿಸಿದೆ, ಉರಿ ಹಿಡಿಯದೆ ಬರೀ ಹೊಗೆ, ತುದಿಯಲ್ಲಿ ನೀರು ಸುಂಯ್ ಅಂತ ಕುದೀತಿತ್ತು, ಒಂದು ತುಂಡು ಸೀಳಿ ಒಳಮೈಗೆ ಮೀಟರ್ ಚುಚ್ಚಿ ನೋಡಿದ್ರೆ 35 ಪರ್ಸೆಂಟ್ ತೇವ, ಇರಬೇಕಾಗಿದ್ದು 20ಕ್ಕಿಂತ ಕಮ್ಮಿ. ತೀರ್ಥಹಳ್ಳಿ ಕಡೆ ನಮ್ಮಜ್ಜಿ ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬ್ಸೋರು, ಬಚ್ಚಲೊಲೆಗೆ ಹಸಿ ಕೊರಡು ಇಡೋಕೆ ಹೋದ್ರೆ ಬೈಯೋರು, ಅದೆಲ್ಲ ಆವತ್ತು ನೆನಪಾಗಿ ಬಹಳ ಬೇಜಾರಾಯ್ತು. ಈಗ ಒಂದು ವರ್ಷ ಮುಂಚೆನೇ ತಗೊಂಡು ನಾವೇ ಒಣಗಿಸ್ತೀವಿ.

ದಿನದ ರೂಢಿ ಹೀಗೆ. ಸೌದೆ ಫರ್ನೇಸಿನ ಥರ್ಮೋಸ್ಟ್ಯಾಟ್ 70 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 21 ಸೆಲ್ಸಿಯಸ್), ಆಯಿಲ್ ಫರ್ನೇಸಿಂದು 62 (ಸುಮಾರು 17 ಸೆಲ್ಸಿಯಸ್). ರಾತ್ರಿ ಹತ್ತಕ್ಕೆ ದಪ್ಪ ತುಂಡು ತುಂಬಿ ಮಲಗಿದ್ರೆ ಬೆಳಿಗ್ಗೆ ಕೆಂಡ ಇರುತ್ತೆ, ಅದರ ಮೇಲೆ ಸಣ್ಣ ಸೌದೆ ಇಟ್ರೆ ಸಾಕು. ತೀರಾ ಚಳಿ ಇದ್ದು ಬೆಳಗಿನ ಜಾವ ಕಾವು ಇಳಿದ್ರೆ ಆಯಿಲ್ ತಾನಾಗೇ ಶುರುವಾಗುತ್ತೆ. ಡಿಸೆಂಬರಲ್ಲಿ ಮೂರು ವಾರ ಊರಿಗೆ ಹೋಗಿದ್ವಲ್ಲ, ಸೌದೆ ಹಾಕೋರು ಯಾರೂ ಇರಲಿಲ್ಲ, ಪೈಪಲ್ಲಿ ನೀರು ಹೆಪ್ಪುಗಟ್ಟದೆ ಉಳಿದಿದ್ದು ಆಯಿಲ್‌ನಿಂದಲೇ. ಅದನ್ನ ಕಿತ್ತಾಕೋ ಯೋಚನೆ ಮಾಡ್ಲೇಬೇಡಿ.

ಕರೆಂಟ್ ಹೋದ್ರೆ ಹುಷಾರು. ಆಯಿಲ್ ತಕ್ಷಣ ನಿಲ್ಲುತ್ತೆ, ಸೌದೆ ನಿಲ್ಲಲ್ಲ, ಬಿಸಿಗಾಳಿ ತಳ್ಳೋ ಫ್ಯಾನು, ಅಂದ್ರೆ ಬ್ಲೋವರ್, ತಿರುಗದೆ ಕಾವೆಲ್ಲ ಫರ್ನೇಸ್ ಒಳಗೇ ಉಳಿಯುತ್ತೆ. ಅದಕ್ಕೇ ಬ್ಲೋವರ್‌ಗೆ ಅಂತ ಜನರೇಟರ್ ಇಟ್ಕೊಂಡಿದೀವಿ, ಅದನ್ನ ಹೊರಗಡೆನೇ ಓಡಿಸ್ತೀವಿ, ಹಿಮಗಾಳಿ ಬರೋ ಸೂಚನೆ ಇದ್ರೆ ಫರ್ನೇಸಿಗೆ ಜಾಸ್ತಿ ಸೌದೆ ಹಾಕಲ್ಲ. ಬೂದಿ ಮುಚ್ಚಳ ಇರೋ ಕಬ್ಬಿಣದ ಬಕೆಟ್‌ಗೆ ಹಾಕಿ ಮನೆಯಿಂದ ದೂರ ಇಡ್ತೀವಿ, ಅದರೊಳಗೆ ಕೆಂಡ ದಿನಗಟ್ಟಲೆ ಆರಲ್ಲ. ಚಿಮಣಿ ಚಳಿಗಾಲದ ಮಧ್ಯೆನೂ ಒಂದ್ಸಲ ಕ್ಲೀನ್ ಮಾಡ್ಸ್ತೀವಿ.

ಈಗ ಶೆಡ್ಡಲ್ಲಿ ಮುಂದಿನ ಚಳಿಗಾಲದ ಮೇಪಲ್ ಒಣಗ್ತಿದೆ. ಓಕ್ ಬೇರೆ ಸಾಲಲ್ಲಿದೆ, ಅದಕ್ಕೆ ಇನ್ನೊಂದು ಬೇಸಿಗೆ ಬೇಕು.