ಮೊದಲ ಹೊಸ ಕಾರು: ಕೊಳ್ಳೋದಾ, ಲೀಸ್‌ಗೆ ತಗೊಳ್ಳೋದಾ?

ಕಾರು ನೋಡಲು ಹೋದವರ ಮುಂದೆ ಈಗ ಎರಡು ಲೆಕ್ಕ ಬರುತ್ತವೆ. ಒಂದು ಇಎಂಐ, ಇನ್ನೊಂದು ತಿಂಗಳ ಬಾಡಿಗೆ. ‘ಡೌನ್ ಪೇಮೆಂಟ್ ಬೇಡ, ಇನ್ಶೂರೆನ್ಸ್, ಸರ್ವೀಸ್ ಎಲ್ಲ ನಮ್ಮದೇ’ ಎಂದು ಲೀಸ್‌ನವರು ಹೇಳಿದರೆ ಯಾರ ಮನಸ್ಸಾದರೂ ಆ ಕಡೆ ವಾಲುತ್ತದೆ. ಆದರೆ ಇವೆರಡನ್ನು ಸುಮ್ನೆ ಅಕ್ಕಪಕ್ಕ ಇಟ್ಟು ನೋಡಿದರೆ ಪ್ರಯೋಜನವಿಲ್ಲ. ಇಎಂಐ ಮುಗಿದರೆ ಕಾರು ನಿಮ್ಮದು. ಬಾಡಿಗೆ ಮುಗಿದರೆ ಕೀ ವಾಪಸ್ ಕೊಡಬೇಕು. ನಮ್ಮಲ್ಲಿ ಮನೆ ಲೀಸ್‌ಗೆ ಹಾಕಿಕೊಂಡರೆ ಕೊಟ್ಟ ದುಡ್ಡು ಕೊನೆಗೆ ಪೂರ್ತಿ ಕೈಗೆ ಬರುತ್ತದೆ. ಕಾರಿನ ಲೀಸ್‌ನಲ್ಲಿ ಡೆಪಾಸಿಟ್ ಬಿಟ್ಟು ಬೇರೇನೂ ಬರುವುದಿಲ್ಲ.

ಮೊದಲು ವರ್ಷ ಲೆಕ್ಕ ಹಾಕಿ

ಈ ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿದೆ. ಒಂದು ಉದಾಹರಣೆ ನೋಡೋಣ. ಎಕ್ಸ್ ಶೋರೂಮ್ ಬೆಲೆ 8 ಲಕ್ಷ, ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ ಆನ್‌ರೋಡ್ ಸುಮಾರು 10 ಲಕ್ಷ. ನೀವು ಕೈಯಿಂದ 2 ಲಕ್ಷ ಹಾಕಿ, ಉಳಿದ 8 ಲಕ್ಷಕ್ಕೆ 9% ಬಡ್ಡಿಯಲ್ಲಿ 5 ವರ್ಷದ ಸಾಲ ಮಾಡಿದಿರಿ ಅಂದುಕೊಳ್ಳಿ. ಇಎಂಐ ಸುಮಾರು 16,600 ರೂಪಾಯಿ ಆಗುತ್ತದೆ.

ಕಾರಿನ ಬೆಲೆ ಎಷ್ಟು ಇಳಿಯುತ್ತದೆ ಎನ್ನುವುದಕ್ಕೆ ವಿಮೆಯವರ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಪಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಅದರ ಪ್ರಕಾರ ಮೊದಲ ವರ್ಷ ತುಂಬುವಾಗ 15%, ಮೂರನೇ ವರ್ಷಕ್ಕೆ 30%, ಐದನೇ ವರ್ಷಕ್ಕೆ 50% ಇಳಿಕೆ. ಅಂದರೆ ಎಕ್ಸ್ ಶೋರೂಮ್ ಬೆಲೆ 8 ಲಕ್ಷದ ಈ ಕಾರಿಗೆ ಮೂರು ವರ್ಷಕ್ಕೆ 5.6 ಲಕ್ಷ, ಐದು ವರ್ಷಕ್ಕೆ 4 ಲಕ್ಷ. ಮಾರುಕಟ್ಟೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಸಿಗಬಹುದು.

ಈಗ ಮೂರನೇ ವರ್ಷಕ್ಕೇ ಮಾರಿದಿರಿ ಅನ್ನಿ. ಡೌನ್ ಪೇಮೆಂಟ್ 2 ಲಕ್ಷ, 36 ಕಂತಿನ ಹತ್ತಿರ ಹತ್ತಿರ 6 ಲಕ್ಷ, ವಿಮೆ, ಸರ್ವೀಸ್‌ಗೆ 90 ಸಾವಿರ. ಆಗಲೂ ಬ್ಯಾಂಕಿಗೆ 3.64 ಲಕ್ಷ ಬಾಕಿ ಇರುತ್ತದೆ. ಮಾರಿದ 5.6 ಲಕ್ಷದಲ್ಲಿ ಆ ಬಾಕಿ ತೀರಿಸಿದರೆ ಕೈಗೆ ಉಳಿಯುವುದು 1.96 ಲಕ್ಷ. ಎಲ್ಲ ಕೂಡಿಸಿ ಕಳೆದರೆ ತಿಂಗಳಿಗೆ 19 ಸಾವಿರದ ಆಸುಪಾಸು ಖರ್ಚು ಬಿದ್ದಂತಾಯಿತು. ಅವಧಿಗೆ ಮುಂಚೆ ಸಾಲ ಮುಗಿಸಿದ್ದಕ್ಕೆ ಬ್ಯಾಂಕ್ ಶುಲ್ಕ ಹಾಕಿದರೆ ಅದು ಬೇರೆ.

ಐದು ವರ್ಷ ಇಟ್ಟುಕೊಂಡು, ವಿಮೆ, ಸರ್ವೀಸ್‌ಗೆ 1.6 ಲಕ್ಷ ಸೇರಿಸಿದರೂ ತಿಂಗಳ ಖರ್ಚು 16 ಸಾವಿರಕ್ಕೆ ಇಳಿಯುತ್ತದೆ. ಎಂಟು ವರ್ಷ ಓಡಿಸಿ, ಈ ಖರ್ಚನ್ನು 3 ಲಕ್ಷ ಎಂದು ಹಿಡಿದು, ಕೊನೆಗೆ ಎರಡೂವರೆ ಲಕ್ಷಕ್ಕೆ ಮಾರಿದರೆ 13 ಸಾವಿರ. ಕೊನೆಯ ಮೂರು ವರ್ಷ ಕಂತೇ ಇರುವುದಿಲ್ಲ ಅಲ್ವಾ? ಅದೇ ಕಾರಿಗೆ ಲೀಸ್‌ನವರು ತಿಂಗಳಿಗೆ 24 ಸಾವಿರ ಹೇಳಿದರೆ ಮೂರು ವರ್ಷಕ್ಕೆ ವ್ಯತ್ಯಾಸ ತಿಂಗಳಿಗೆ 5 ಸಾವಿರ, ಎಂಟು ವರ್ಷಕ್ಕೆ 11 ಸಾವಿರ. ನಿಮಗೆ ಕೊಟ್ಟ ಅಂಕಿಗಳನ್ನು ಇದೇ ಲೆಕ್ಕದಲ್ಲಿ ಹಾಕಿ ನೋಡಿ.

ರೋಡ್ ಟ್ಯಾಕ್ಸ್ ಮರೆಯಬೇಡಿ

ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯನ್ನು ನೋಂದಣಿ ಮಾಡಿಸುವಾಗಲೇ ಒಂದೇ ಸಲ ಕಟ್ಟಬೇಕು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5ರಿಂದ 10 ಲಕ್ಷದವರೆಗೆ 14%, 10ರಿಂದ 20 ಲಕ್ಷದವರೆಗೆ 17%. ಅದರ ಮೇಲೆ ಸೆಸ್ ಬೇರೆ. 8 ಲಕ್ಷದ ಕಾರಿಗೆ ತೆರಿಗೆಯೇ 1.12 ಲಕ್ಷ. ಇಲ್ಲೇ ನೆಲೆ ನಿಂತವರಿಗೆ ಇದು ವರ್ಷಗಳ ಮೇಲೆ ಹಂಚಿಹೋಗುತ್ತದೆ. ಎರಡು ವರ್ಷಕ್ಕೆ ಪುಣೆಗೋ ಹೈದರಾಬಾದಿಗೋ ವರ್ಗವಾಗುವವರ ಕಥೆ ಬೇರೆ. ಬೇರೆ ರಾಜ್ಯದಲ್ಲಿ ಕಾರು 12 ತಿಂಗಳು ದಾಟಿದರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಿ, ತೆರಿಗೆಯನ್ನೂ ಕಟ್ಟಬೇಕು. ಇಲ್ಲಿ ಕಟ್ಟಿದ್ದರ ಬಾಕಿ ಪಾಲು ವಾಪಸ್ ಪಡೆಯಲು ಓಡಾಡಬೇಕು. ಹೀಗೆ ಊರೂರು ಅಲೆಯುವ ನೌಕರಿಯವರಿಗೆ ಲೀಸ್ ನಿಜಕ್ಕೂ ಅನುಕೂಲ. ನಿಮಗೆ ರಾಜ್ಯ ಬದಲಿಸಿದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ಸಿಗುತ್ತದಾ ಎಂದೂ ವಿಚಾರಿಸಿ, ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು.

ಕಿಲೋಮೀಟರ್ ಕೂಡಿಸಿ

ಲೀಸ್ ಕರಾರಿನಲ್ಲಿ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇರುತ್ತದೆ. ದಾಟಿದರೆ ಪ್ರತಿ ಕಿಲೋಮೀಟರಿಗೂ ದುಡ್ಡು. ಆಫೀಸಿಗೆ ಹೋಗಿ ಬರಲು 40 ಕಿ.ಮೀ., ತಿಂಗಳಿಗೆ 22 ದಿನ ಎಂದರೆ ವರ್ಷಕ್ಕೆ 10,560. ಬೆಂಗಳೂರಿನಿಂದ ಹುಬ್ಬಳ್ಳಿಯ ಮನೆಗೆ ತಿಂಗಳಿಗೊಮ್ಮೆ ಹೋಗಿಬಂದರೆ ಹತ್ತಿರ ಹತ್ತಿರ ಇನ್ನೂ 10 ಸಾವಿರ. ವರ್ಷಕ್ಕೆ 12 ಸಾವಿರದ ಮಿತಿಗೆ ಸಹಿ ಹಾಕಿದವರು ದೀಪಾವಳಿಗೆ ಊರಿಗೆ ಹೋಗುವಾಗಲೂ ಮೀಟರ್ ನೋಡುತ್ತಾ ಹೋಗಬೇಕು. ಇದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಸ್ವಂತ ಕಾರು ಬೇಕು ಅನ್ನಿಸುವುದೇ ಊರಿಗೆ ಹೋಗುವುದಕ್ಕೆ.

ಕಂಪನಿ ಲೀಸ್ ಬೇರೆ ವಿಷಯ

ನಿಮ್ಮ ಕಂಪನಿಯೇ ಕಾರನ್ನು ಲೀಸ್‌ಗೆ ತೆಗೆದು, ಬಾಡಿಗೆಯನ್ನು ಸಂಬಳದಿಂದ ತೆರಿಗೆಗೆ ಮುಂಚೆಯೇ ಕಳೆಯುವ ವ್ಯವಸ್ಥೆ ಇದ್ದರೆ ಲೆಕ್ಕ ತಿರುಗುತ್ತದೆ. 30% ತೆರಿಗೆಯ ಹಂತದಲ್ಲಿ ಇರುವವರಿಗೆ ಉಳಿತಾಯ ಚೆನ್ನಾಗಿಯೇ ಇರುತ್ತದೆ. ಎಚ್‌ಆರ್‌ನವರ ಹತ್ತಿರ ಮೂರು ವಿಷಯ ಕೇಳಿ. ಪರ್ಕ್ವಿಸಿಟ್ (ಕಂಪನಿ ಕೊಡುವ ಸೌಲಭ್ಯದ ಬೆಲೆ) ಎಂದು ತಿಂಗಳಿಗೆ ಎಷ್ಟು ನಿಮ್ಮ ಆದಾಯಕ್ಕೆ ಸೇರುತ್ತದೆ? ಅವಧಿ ಮುಗಿದಾಗ ಕಾರನ್ನು ನೀವು ಎಷ್ಟಕ್ಕೆ ಕೊಳ್ಳಬಹುದು? ಮಧ್ಯದಲ್ಲಿ ಕೆಲಸ ಬಿಟ್ಟರೆ ಎಷ್ಟು ಕಟ್ಟಬೇಕು? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೆಲಸ ಹೋದ ತಿಂಗಳಲ್ಲೇ ಲಕ್ಷಗಟ್ಟಲೆ ಕಟ್ಟುವ ಪರಿಸ್ಥಿತಿ ಯಾರಿಗೂ ಬರಬಾರದು.

ಸಹಿ ಹಾಕುವ ಮುಂಚೆ

ಬಾಡಿಗೆ ಎಷ್ಟು ಎಂದು ಜಿಎಸ್‌ಟಿ ಸೇರಿಸಿಯೇ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳಿಗೆ 18%, ದೊಡ್ಡವಕ್ಕೆ 40% ಜಿಎಸ್‌ಟಿ ಇದೆ. ಬಾಡಿಗೆಯ ಮೇಲೂ ಅದೇ ದರ. ನಂಬರ್ ಪ್ಲೇಟ್ ಬಿಳಿಯದಾ, ಹಳದಿ ಅಕ್ಷರದ ಕಪ್ಪು ಪ್ಲೇಟಾ ಕೇಳಿ. ಕಪ್ಪಾದರೆ ಅದು ಬಾಡಿಗೆ ಕಾರಿನ ನೋಂದಣಿ. ಕಾರು ಒಪ್ಪಿಸುವಾಗ ಯಾವ ಗೀರು ಸಹಜ, ಯಾವುದಕ್ಕೆ ದಂಡ ಎನ್ನುವುದು ಕರಾರಿನಲ್ಲಿ ಇರಲಿ. ತಗೊಂಡ ದಿನವೇ ನಾಲ್ಕೂ ಬಾಗಿಲು, ಬಂಪರ್, ಅಲಾಯ್ ಚಕ್ರಗಳ ಫೋಟೊ ತೆಗೆದಿಡಿ.

ಕೊಳ್ಳುವವರಿಗೂ ಎರಡು ಮಾತು. ಇನ್ಶೂರೆನ್ಸನ್ನು ಶೋರೂಮ್‌ನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗೂ ವಿಚಾರಿಸಿ. ವರ್ಷವಿಡೀ ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ 20%ರಿಂದ ಶುರುವಾಗಿ ಐದು ವರ್ಷಕ್ಕೆ 50% ಮುಟ್ಟುತ್ತದೆ. ಅದು ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ ಸೇರಿದ್ದು. ಇನ್ನು, ಡೌನ್ ಪೇಮೆಂಟಿಗೆ ದುಡ್ಡು ಸಾಲುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಲೀಸ್ ಕಡೆ ನೋಡುತ್ತಿದ್ದರೆ, ಒಂದು ಹಂತ ಚಿಕ್ಕ ಕಾರು ನೋಡಿ. ಕುಟುಂಬದ ಜೊತೆ ಒಂದೇ ಊರಲ್ಲಿ ಏಳೆಂಟು ವರ್ಷ ಇರುವವರಿಗೆ ಕೊಳ್ಳುವುದೇ ಸರಿ ಎಂದು ನಾನು ಹೇಳುತ್ತೇನೆ.

ಸಾಲ ತೀರಿದ ದಿನ ಬ್ಯಾಂಕಿನಿಂದ ಸಾಲ ಬಾಕಿಯಿಲ್ಲ ಎಂಬ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ತಪ್ಪದೆ ಇಸಿದುಕೊಳ್ಳಿ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಇರುತ್ತದೆ. ಅಷ್ಟರೊಳಗೆ ಆರ್‌ಟಿಒದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ, ವಿಮಾ ಪಾಲಿಸಿಯಲ್ಲೂ ಬದಲಾಯಿಸಿಕೊಳ್ಳಿ.