ಬಿಚ್ಚುವ ಮೊದಲು ಕೇಳಬೇಕು: ಮಲೆನಾಡಿನಲ್ಲಿ ನಾನು ಬೈಕ್ ರಿಪೇರಿ ಕಲಿತ ಬಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದಲ್ಲಿ ಐಟಿಐ ಸೇರಿದೆ. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್, 2 ವರ್ಷದ ಕೋರ್ಸ್. ಅಲ್ಲಿ ಜಾಸ್ತಿ ಬಿಚ್ಚಿ ಜೋಡಿಸಿದ್ದು ಕಾರು, ಜೀಪಿನ ಎಂಜಿನ್‌ಗಳನ್ನೇ. ಬೈಕಿನ ಕೆಲಸ ಕಡಿಮೆ. ಆದರೂ ಆ ಕೋರ್ಸ್ ದಂಡ ಅಂದರೆ ನಾನು ಒಪ್ಪುವುದಿಲ್ಲ. ಮೈಕ್ರೋಮೀಟರ್ ಹಿಡಿಯುವುದು, ವೈರಿಂಗ್ ಡಯಾಗ್ರಾಂ ಓದುವುದು, ಯಾವ ವಾಲ್ವ್ ಯಾವಾಗ ತೆರೆಯುತ್ತದೆ ಎಂದು ಲೆಕ್ಕ ಹಾಕುವುದು ಎಲ್ಲ ಬಂದದ್ದು ಅಲ್ಲಿಂದ. ಇವತ್ತಿಗೂ ವೈರಿಂಗ್ ಕೆಲಸ ಬಂದರೆ ಆ ಪಾಠವೇ ಕೈ ಹಿಡಿಯುತ್ತದೆ.

ಆಮೇಲೆ ತೀರ್ಥಹಳ್ಳಿಯ ಒಂದು ಗ್ಯಾರೇಜ್ ಸೇರಿದೆ. ನಮ್ಮ ಮೇಸ್ತ್ರಿ ಮೊದಲು ಸ್ಪ್ಯಾನರ್ ಕೊಡಲಿಲ್ಲ. ಗಾಡಿ ತಂದವರ ಹತ್ತಿರ ಮಾತಾಡಲು ಹೇಳಿದರು. "ಗಾಡಿ ಎಲ್ಲಿ ನಿಲ್ಲಿಸ್ತಾರೆ ಕೇಳು. ಯಾವ ದಾರೀಲಿ ಓಡಾಡ್ತಾರೆ ಕೇಳು. ತೊಂದರೆ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ ಕೇಳು. ಆಮೇಲೆ ಬಿಚ್ಚೋಣ ಮಾರಾಯ." ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ನಮ್ಮ ಕಡೆ ಅರ್ಧ ರೋಗಕ್ಕೆ ಮಳೆಯೇ ಕಾರಣ. ಜೂನ್ ಬಂತೆಂದರೆ ಬ್ರೇಕ್ ಕೆಲಸ ಶುರು. ಚಕ್ರದ ನಡುವಿನ ಬ್ರೇಕ್ ಡ್ರಮ್ ಒಳಗೆ ಕೆಂಪು ಮಣ್ಣು, ನೀರು ಸೇರುತ್ತದೆ. ಬ್ರೇಕ್ ಶೂ (ಡ್ರಮ್‌ಗೆ ಒತ್ತಿ ಚಕ್ರ ತಡೆಯುವ ಭಾಗ) ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಬಿಗಿಯಾಗುತ್ತದೆ. ಪೆಡಲ್ ಬಿಟ್ಟರೂ ಶೂ ಹಿಂದೆ ಬರುವುದಿಲ್ಲ, ಚಕ್ರ ಬಿಸಿಯಾಗುತ್ತದೆ, ಮೈಲೇಜ್ ಇಳಿಯುತ್ತದೆ. ಗಿರಾಕಿ ಬಂದು "ಎಂಜಿನ್ ಎಳೀತಿಲ್ಲ" ಅನ್ನುತ್ತಾರೆ! ಹಾಗಾಗಿ ಎಳೆತ ಕಮ್ಮಿ ಎಂದರೆ ನಾನು ಮೊದಲು ಸ್ಟ್ಯಾಂಡ್ ಹಾಕಿ ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಶೂ ಸವೆಯದಿದ್ದರೆ ಹೊಸದು ಬೇಡ. ಕ್ಯಾಮ್ ಹೊರತೆಗೆದು ಉಜ್ಜಿ, ತೆಳ್ಳಗೆ ಗ್ರೀಸ್ ಹಚ್ಚಿದರೆ ಸಾಕು. ಗ್ರೀಸ್ ಜಾಸ್ತಿಯಾಗಿ ಶೂಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ, ಅಲ್ಲಿ ಎಚ್ಚರ.

ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಕಡೆ ಹೋಗಿಬರುವವರ ಕಥೆ ಬೇರೆ. 14 ತಿರುವು ಮುಗಿಯುವವರೆಗೂ ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಶೂ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತದೆ. ಅಂಥವರಿಗೆ ಶೂ ಬದಲಿಸಿ ಬಿಲ್ ಕೊಟ್ಟು ಕಳಿಸಿದರೆ ಕೆಲಸ ಅರ್ಧವೇ ಆದಂತೆ. ಎರಡನೇ ಗೇರಲ್ಲಿ ಇಳಿಯಿರಿ, ಎಂಜಿನ್ ಗಾಡಿಯನ್ನು ತಡೆಯಲಿ ಎಂದು ಹೇಳಿಯೇ ಕಳಿಸುತ್ತೇನೆ.

ಟ್ಯಾಪೆಟ್ ಕೆಲಸ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು ಸರಿ ಮಾಡುವುದು, ಕಲಿಯಲು ತಾಳ್ಮೆ ಬೇಕಾಯಿತು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಮೇಲಿನ 'ಟಿ' ಗುರುತು ಕವಚದ ಗುರುತಿಗೆ ಸರಿಯಾಗಿ ಕೂಡಬೇಕು. ಅದು ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬರುವ ಕಂಪ್ರೆಷನ್ ಸ್ಟ್ರೋಕೇ ಆಗಿರಬೇಕು, ಅಂದರೆ ಎರಡೂ ರಾಕರ್ ಸ್ವಲ್ಪ ಅಲ್ಲಾಡಬೇಕು. ಆಮೇಲೆ ಆ ಸಂದಿಗೆ ಫೀಲರ್ ಗೇಜ್, ಅಂದರೆ ಅಳತೆಯ ತೆಳು ಉಕ್ಕಿನ ಪಟ್ಟಿ, ತೂರಿಸಬೇಕು. ಸ್ಪ್ಲೆಂಡರ್‌ಗೆ 0.08 ಮಿಲಿಮೀಟರ್, ಬೇರೆ ಮಾಡೆಲ್‌ಗೆ ಬೇರೆ ಅಳತೆ. ಗೇಜ್ ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಆ ಹದ ಬೆರಳಿಗೆ ಬರಬೇಕು, ಬಾಯಲ್ಲಿ ಹೇಳಿ ಕೊಡಲಾಗದು. ಗಿರಾಕಿಗಳು 'ಟಿಕ್ ಟಿಕ್' ಸದ್ದು ನಿಲ್ಲಿಸಿ ಎಂದು ಬರುತ್ತಾರೆ. ಸದ್ದು ನಿಲ್ಲಲೆಂದು ಸುಮ್ನೆ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸದ್ದಿಲ್ಲದೆ ಸುಡುತ್ತಾ ಹೋಗುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಹೇಳುವುದೇ ಇಲ್ಲ. ಇದನ್ನು ಗಿರಾಕಿಗೆ ಬಿಡಿಸಿ ಹೇಳುವ ಧೈರ್ಯ ನಮಗಿರಬೇಕು.

2020ರ ಏಪ್ರಿಲ್‌ನಲ್ಲಿ ಬಿಎಸ್6 (ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಹೊಸ ಮಿತಿ) ಬಂದಾಗ ನಾನು ಶಿವಮೊಗ್ಗದ ಸರ್ವಿಸ್ ಸೆಂಟರ್‌ಗೆ ಬಂದಿದ್ದೆ. ಹೆಚ್ಚಿನ ಹೊಸ ಗಾಡಿಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹೋಗಿ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು. ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು) ಊದಿ, ಸ್ಕ್ರೂ ತಿರುಗಿಸಿ ಸರಿ ಮಾಡುತ್ತಿದ್ದವರಿಗೆ ಆ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಸ್ಕ್ಯಾನರ್ ಕೈಗೆ ಬಂತು. ಕೆಲವರು ಹೆದರಿ ಕೆಲಸವನ್ನೇ ಬಿಟ್ಟರು. ನನಗೆ ಇಲ್ಲಿ ಮೇಸ್ತ್ರಿಯ ಮಾತೇ ಮತ್ತೆ ಉಪಯೋಗಕ್ಕೆ ಬಂತು. ಸ್ಕ್ಯಾನರ್ ಯಾವ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದು ಹೇಳುತ್ತದೆ. ಸೆನ್ಸರ್ ಹಾಳೋ, ಅದರ ವೈರ್ ಹಾಳೋ ಎಂದು ಹುಡುಕಬೇಕಾದವರು ನಾವೇ. "ಗೌಡ್ರೇ, ಗಾಡಿ ರಾತ್ರಿ ಎಲ್ಲಿ ನಿಲ್ಲಿಸ್ತೀರಿ?" ಎಂದು ಕೇಳಿದರೆ "ಕೊಟ್ಟಿಗೇಲಿ" ಅನ್ನುತ್ತಾರೆ. ಸೀಟ್ ತೆಗೆದು ನೋಡಿದರೆ ಇಲಿ ವೈರ್ ಕಡಿದಿರುತ್ತದೆ. ಇಲ್ಲವೇ ವೈರ್‌ಗಳನ್ನು ಜೋಡಿಸುವ ಕಪ್ಲರ್ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಿಲುಬು ಉಜ್ಜಿದರೆ ಹೋಗುವ ತೊಂದರೆಗೆ ಸಾವಿರಾರು ರೂಪಾಯಿಯ ಸೆನ್ಸರ್ ಹಾಕಿಸುವುದು ಅನ್ಯಾಯ ಅಲ್ವಾ?

ಹಾಗಾಗಿ ಇಂಜೆಕ್ಷನ್ ಗಾಡಿ ಬಂದರೆ ನಾನು ಬ್ಯಾಟರಿಯಿಂದ ಶುರು ಮಾಡುತ್ತೇನೆ. ಚಾರ್ಜ್ ಇರುವ ಬ್ಯಾಟರಿ ಸುಮ್ಮನಿದ್ದಾಗ ಹೆಚ್ಚುಕಮ್ಮಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಆಮೇಲೆ ಅರ್ತ್, ಆಮೇಲೆ ಕಪ್ಲರ್‌ಗಳು. ಸೆನ್ಸರ್ ಕಡೆಯ ಸರದಿ. ಪೆಟ್ರೋಲ್ ಟ್ಯಾಂಕಿಗೆ ಮಳೆ ನೀರು ಇಳಿದಿದೆಯಾ ಎಂದೂ ನೋಡಬೇಕು. ಹಳೇ ಗಾಡಿಯಾದರೆ ಕಾರ್ಬುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡಬಹುದಿತ್ತು. ಈಗ ಅದು ನೇರ ಪಂಪ್‌ಗೆ ಹೋಗುತ್ತದೆ. ಟ್ಯಾಂಕ್ ಇಳಿಸಿ ಖಾಲಿ ಮಾಡದೆ ಬೇರೆ ದಾರಿಯಿಲ್ಲ.

ಈ ಕೆಲಸ ಕಲಿಯಲು ಬರುವ ಹುಡುಗರು, ಹುಡುಗಿಯರು ಐಟಿಐ ಮಾಡಲಾ, ಗ್ಯಾರೇಜ್ ಸೇರಲಾ ಎಂದು ಕೇಳುತ್ತಾರೆ. ನನ್ನ ಕೇಳಿದರೆ ಐಟಿಐ ಮಾಡಿ, ರಜೆಯಲ್ಲಿ ಗ್ಯಾರೇಜಿಗೆ ಹೋಗಿ. ಬರೀ ತೊಳೆಯುವ ಕೆಲಸ ಹಚ್ಚಿ ಬೇರೇನೂ ಕಲಿಸದ ಕಡೆ ಜಾಸ್ತಿ ದಿನ ನಿಲ್ಲಬೇಡಿ. ಮೊದಲ ಸಂಬಳದಲ್ಲಿ ಒಂದು ಫೀಲರ್ ಗೇಜ್, ಒಂದು ಸಾಧಾರಣ ಮಲ್ಟಿಮೀಟರ್, 8, 10, 12, 14ರ ಟಿ ಸ್ಪ್ಯಾನರ್ ತಗೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಗಿರಾಕಿ ಹೇಳಿದ ಮಾತು ಒಂದು ಕಡೆ, ಕೊನೆಗೆ ಸಿಕ್ಕ ಕಾರಣ ಇನ್ನೊಂದು ಕಡೆ ಬರೆಯಿರಿ. ನನ್ನ ಅಂಥ ನೋಟ್‌ಬುಕ್‌ಗಳು ಈಗ ನಮ್ಮ ವರ್ಕ್‌ಶಾಪಿನ ಕಪಾಟಿನಲ್ಲಿವೆ. ಹೊಸದಾಗಿ ಸೇರಿದವರು ತೆಗೆದು ಓದುತ್ತಾರೆ.