ಪಿಎನ್‌ಜಿ ಚಿತ್ರದ ಅಗಲವನ್ನು ಯಾವ ಪ್ರೊಸೆಸರ್‌ನಲ್ಲೂ ಸರಿಯಾಗಿ ಓದುವ ಬಗೆ

ಪಿಎನ್‌ಜಿ ಕಡತದಲ್ಲಿ ಚಿತ್ರದ ಅಗಲವು, ಸೊನ್ನೆಯಿಂದ ಎಣಿಸಿದರೆ, 16ನೇ ಬೈಟ್‌ನಿಂದ 19ನೆಯದರವರೆಗೆ ಇರುತ್ತದೆ. ಅಗಲ 640 ಪಿಕ್ಸೆಲ್ ಆಗಿದ್ದರೆ ಆ ನಾಲ್ಕು ಬೈಟ್‌ಗಳು ಹೆಕ್ಸಾಡೆಸಿಮಲ್‌ನಲ್ಲಿ 00 00 02 80 ಎಂದಿರುತ್ತವೆ. ಹೆಚ್ಚು ಬೆಲೆಯ ಬೈಟ್ ಮೊದಲು ಬರುವ ಈ ಕ್ರಮವೇ ಬಿಗ್ ಎಂಡಿಯನ್. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಕಡಿಮೆ ಬೆಲೆಯ ಬೈಟ್ ಮೊದಲು ಬರುವ ಲಿಟಲ್ ಎಂಡಿಯನ್ ಕ್ರಮದವಾದ್ದರಿಂದ, ಇವನ್ನು ಅಲ್ಲಿ ನೇರವಾಗಿ 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕವಾಗಿ ಓದಿದರೆ 2147614720 ಎಂಬ ಉತ್ತರ ಬರುತ್ತದೆ. ಬಿಗ್ ಎಂಡಿಯನ್ ಆದ ಐಬಿಎಂ ಝಡ್ ಮೇನ್‌ಫ್ರೇಮ್‌ನಲ್ಲಿ ಅದೇ ಪ್ರೋಗ್ರಾಂ 640 ಎಂದೇ ತೋರಿಸುತ್ತದೆ.

ಮೊದಲು ಕಡತದ ಬೈಟ್‌ಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು. ಇದಕ್ಕಾಗಿ ಇರುವ ಲಿನಕ್ಸ್‌ನ ಹೆಕ್ಸ್‌ಡಂಪ್ ಆಜ್ಞೆ ಯಾವ ಆಯ್ಕೆಯನ್ನೂ ಕೊಡದಿದ್ದರೆ ಎರಡೆರಡು ಬೈಟ್‌ಗಳನ್ನು ಯಂತ್ರದ ಕ್ರಮದಲ್ಲಿ ಜೋಡಿಸಿ 0000 8002 ಎಂದು ತೋರಿಸಿ ದಾರಿ ತಪ್ಪಿಸುವುದರಿಂದ, ಬೈಟ್‌ಗಳನ್ನು ಕಡತದ ಕ್ರಮದಲ್ಲೇ ಒಂದೊಂದಾಗಿ ತೋರಿಸುವ ದೊಡ್ಡಕ್ಷರದ ಸಿ (-C) ಆಯ್ಕೆಯನ್ನು ಕೊಡುವುದು ಒಳ್ಳೆಯದು.

ಯಂತ್ರದ ಕ್ರಮವನ್ನು ಪತ್ತೆಹಚ್ಚಿ, ಅದಕ್ಕೆ ತಕ್ಕಂತೆ ಬೈಟ್‌ಗಳನ್ನು ತಿರುಗಿಸುವ ಷರತ್ತನ್ನು ಬರೆಯುವ ರೂಢಿ ವ್ಯಾಪಕವಾಗಿದೆ. ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯವೇ ಇಲ್ಲ, ಏಕೆಂದರೆ ಇಲ್ಲಿ ತಿಳಿಯಬೇಕಾದದ್ದು ದತ್ತಾಂಶದ ಕ್ರಮ ಮಾತ್ರ, ಮತ್ತು ಅದನ್ನು ಕಡತದ ವಿನ್ಯಾಸವೇ ನಿಗದಿಪಡಿಸಿದೆ. ನಾಲ್ಕು ಬೈಟ್‌ಗಳನ್ನು ಬೇರೆಬೇರೆಯಾಗಿ ಓದಿ, ಮೊದಲನೆಯದನ್ನು 24, ಎರಡನೆಯದನ್ನು 16, ಮೂರನೆಯದನ್ನು 8 ಬಿಟ್‌ಗಳಷ್ಟು ಎಡಕ್ಕೆ ಸರಿಸಿ, ನಾಲ್ಕನೆಯದನ್ನು ಹಾಗೆಯೇ ಇಟ್ಟು, ಎಲ್ಲವನ್ನೂ ಬಿಟ್‌ಗಳನ್ನು ಒಂದುಗೂಡಿಸುವ ಆರ್ (OR) ಕ್ರಿಯೆಯಿಂದ ಕೂಡಿಸಿದರೆ ಸಾಕು. ಬೈಟ್ ಕ್ರಮದ ಪ್ರಶ್ನೆ ಮೆಮೊರಿಗೆ ಸಂಬಂಧಿಸಿದ್ದು. ಪ್ರೊಸೆಸರ್‌ನಲ್ಲೇ ಇರುವ ಸಂಗ್ರಹಸ್ಥಾನವಾದ ರಿಜಿಸ್ಟರ್‌ನೊಳಗೆ ಎಡಕ್ಕೆ ಸರಿಸುವ ಕ್ರಿಯೆ ಎಲ್ಲ ಪ್ರೊಸೆಸರ್‌ಗಳಲ್ಲೂ ಒಂದೇ. ಸಿ ಭಾಷೆಯಲ್ಲಿ ಬರೆಯುವವರು ಸರಿಸುವ ಮುನ್ನ ಪ್ರತಿ ಬೈಟನ್ನೂ 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕವಾಗಿ ಪರಿವರ್ತಿಸಬೇಕು. ಇಲ್ಲವಾದರೆ 128 ಅಥವಾ ಅದಕ್ಕಿಂತ ದೊಡ್ಡ ಬೈಟನ್ನು 24 ಬಿಟ್ ಸರಿಸಿದಾಗ ಫಲಿತಾಂಶಕ್ಕೆ ಭಾಷೆ ಯಾವ ಖಾತರಿಯನ್ನೂ ಕೊಡುವುದಿಲ್ಲ.

ಇದು ನಿಧಾನವಾದೀತೆಂಬ ಸಂಶಯವಿದ್ದರೆ ಕಂಪೈಲರ್ ಹೊರಡಿಸುವ ಅಸೆಂಬ್ಲಿಯನ್ನು, ಅಂದರೆ ಪ್ರೊಸೆಸರ್‌ಗೆ ಕೊಡುವ ಸೂಚನೆಗಳ ಪಟ್ಟಿಯನ್ನು, ನೋಡಬಹುದು. ಆಪ್ಟಿಮೈಸೇಶನ್ ಚಾಲೂ ಇದ್ದಾಗ ಇಂದಿನ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳು ಈ ವಿನ್ಯಾಸವನ್ನು ಗುರುತಿಸಿ, ಇಂಟೆಲ್, ಎಎಂಡಿಗಳ ಎಕ್ಸ್86ರಲ್ಲಿ ಮೆಮೊರಿಯಿಂದ ಓದುವ ಒಂದು ಮೂವ್, ಬೈಟ್‌ಗಳನ್ನು ತಿರುಗಿಸುವ, 80486 ಪ್ರೊಸೆಸರ್‌ನ ಕಾಲದಿಂದಲೂ ಇರುವ ಒಂದು ಬಿಸ್ವಾಪ್ ಸೂಚನೆಗಳಿಗೆ ಇಳಿಸುತ್ತವೆ; 64 ಬಿಟ್ ಆರ್ಮ್‌ನಲ್ಲಿ ಅದು ಎಲ್‌ಡಿಆರ್ ಮತ್ತು ರೆವ್ ಆಗುತ್ತದೆ. ಮೇನ್‌ಫ್ರೇಮ್‌ನಲ್ಲಿ ತಿರುಗಿಸುವ ಕೆಲಸವೇ ಇಲ್ಲ, ಒಂದು ಲೋಡ್ ಸಾಕು. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸ ಮಾತ್ರ ಕೊಂಚ ಗಮನ ಬೇಡುತ್ತದೆ: ಮೂಲ ಸೂಚನಾಗಣದಲ್ಲಿ ಬೈಟ್ ತಿರುಗಿಸುವ ಸೂಚನೆಯಿಲ್ಲ, ಝಡ್‌ಬಿಬಿ ವಿಸ್ತರಣೆಯ ರೆವ್8 ಇಡೀ ರಿಜಿಸ್ಟರನ್ನೇ ತಿರುಗಿಸುವುದರಿಂದ, 64 ಬಿಟ್ ಯಂತ್ರದಲ್ಲಿ ಫಲಿತಾಂಶವನ್ನು 32 ಬಿಟ್ ಬಲಕ್ಕೆ ಸರಿಸಬೇಕಾಗುತ್ತದೆ. ಎಕ್ಸ್86 ಅಸೆಂಬ್ಲಿಯನ್ನು ಓದುವಾಗ ಇನ್ನೊಂದು ಗೊಂದಲವಿದೆ: ಇಂಟೆಲ್ ಶೈಲಿಯಲ್ಲಿ ಗಮ್ಯಸ್ಥಾನ ಮೊದಲು ಬಂದರೆ, ಗ್ನೂ ಅಸೆಂಬ್ಲರ್ ಸಹಜವಾಗಿ ಬಳಸುವ ಎಟಿ ಆ್ಯಂಡ್ ಟಿ ಶೈಲಿಯಲ್ಲಿ ಅದು ಕೊನೆಗೆ ಬರುತ್ತದೆ.

ಪರೀಕ್ಷೆಗೆ ಮೇನ್‌ಫ್ರೇಮ್ ಬೇಕಿಲ್ಲ. ಆ ಮೇನ್‌ಫ್ರೇಮ್‌ನ ವಿನ್ಯಾಸವಾದ ಎಸ್390ಎಕ್ಸ್‌ಗೆಂದು ಬೇರೆ ಯಂತ್ರದಲ್ಲೇ ಪ್ರೋಗ್ರಾಂ ಸಿದ್ಧಪಡಿಸುವ ಕ್ರಾಸ್ ಕಂಪೈಲರ್‌ನಿಂದ ಸ್ಟ್ಯಾಟಿಕ್ ಆಗಿ (ಬೇಕಾದ ಲೈಬ್ರರಿಗಳನ್ನು ಒಳಗೇ ಸೇರಿಸಿ) ಲಿಂಕ್ ಮಾಡಿದ ಪ್ರೋಗ್ರಾಂ, ಬೇರೆ ಪ್ರೊಸೆಸರ್‌ಗಳನ್ನು ಅನುಕರಿಸುವ ಕ್ಯುಎಂಯುವಿನ ಯೂಸರ್ ಮೋಡ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಪಿಎನ್‌ಜಿಯ ಜೊತೆಗೆ ಒಂದು ಬಿಎಂಪಿ ಕಡತವನ್ನೂ ಓದಿಸಿ ನೋಡಿ. ಅದರ ಅಗಲ ಲಿಟಲ್ ಎಂಡಿಯನ್ ಕ್ರಮದಲ್ಲಿರುವುದರಿಂದ ಸರಿಸುವ ಅಂಕಿಗಳನ್ನು ಹಿಂದುಮುಂದು ಮಾಡಬೇಕು. ಸಾಮಾನ್ಯ ಬಿಎಂಪಿಯಲ್ಲಿ ಈ ಅಗಲ 18ನೇ ಬೈಟ್‌ನಿಂದ ಆರಂಭವಾಗುತ್ತದೆ, ಅದು ನಾಲ್ಕರ ಗುಣಕವಲ್ಲ. ಕಡತವನ್ನು ಮೆಮೊರಿಗೆ ತಂದು ಪಾಯಿಂಟರ್‌ನ ಬಗೆಯನ್ನು ಬದಲಿಸಿ ನಾಲ್ಕೂ ಬೈಟ್‌ಗಳನ್ನು ಒಮ್ಮೆಲೇ ಓದಹೊರಟ ಪ್ರೋಗ್ರಾಂ, ಅಂಥ ಓದಿಗೆ ನಾಲ್ಕರ ಗುಣಕದ ವಿಳಾಸವೇ ಬೇಕೆನ್ನುವ ಸ್ಪಾರ್ಕ್‌ನಂಥ ಪ್ರೊಸೆಸರ್‌ನ ಯಂತ್ರದಲ್ಲಿ ಬಸ್ ದೋಷದೊಂದಿಗೆ ನಿಂತುಹೋಗಬಹುದು, ಬೈಟ್ ಬೈಟಾಗಿ ಓದುವ ಪ್ರೋಗ್ರಾಂಗೆ ಆ ತೊಡಕಿಲ್ಲ.